ಗ್ಯಾಸ್ ಮಾಯ ಆಗುದು ದೊಡ್ಡ ತಪ್ಪಲ್ಲ ಮಾರಾಯ್ರೆ, ಬೆರೆಯದೇ ಕೂರುದು ತಪ್ಪು

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪತ್ರದ ಕಾಲಮಿನಲ್ಲಿ ಉಡುಪಿ ಕಡೆಯ ಒಬ್ಬ ತಂದೆ ಬರ್ದದ್ದು ಓದಿದೆ. ಮಗ ರಜೆಯಿಡೀ ಕಂಪ್ಯೂಟರ್ ಎದುರು ಕೂತು ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್ ಅಂತ ಒಂದು ಗೇಮ್ ಆಡ್ತಾನೆ, ಅದ್ರಲ್ಲಿ ಗ್ಯಾಸ್ ಎಲ್ಲ ಎಲ್ಲಿಂದ್ಲೋ ಬರ್ತದೆ ಎಲ್ಲಿಗೋ ಮಾಯ ಆಗ್ತದೆ, ದ್ರವ್ಯ ಹುಟ್ಟುದೂ ಇಲ್ಲ ಸಾಯುದೂ ಇಲ್ಲ ಅಂತ ಶಾಲೆಯಲ್ಲಿ ಕಲಿಬೇಕಾದ ಮಕ್ಳಿಗೆ ಇದು ಎಂತ ವಿಜ್ಞಾನ, ಇಂಥದ್ದನ್ನೆಲ್ಲ ನಿಲ್ಲಿಸ್ಬೇಕು ಅಂತ ಅವ್ರ ವಾದ. ಅವ್ರು ಹೇಳಿದ್ದು ಅರ್ಧ ಸರಿ ಉಂಟು, ಆದ್ರೆ ತಪ್ಪು ಎಲ್ಲಿ ಉಂಟು ಅಂತ ಬೆರಳು ತೋರಿಸಿದ ಜಾಗ ಸರಿ ಇಲ್ಲ ಅಂತ ನನ್ಗೆ ಕಂಡಿತು, ಹಾಗಾಗಿ ಬರಿತಾ ಇದ್ದೇನೆ, ಉದ್ದ ಆದ್ರೆ ಕತ್ತರಿಸಿ ಹಾಕಿ, ಬೇಜಾರಿಲ್ಲ.

ನಾನು ಸುರತ್ಕಲ್ ಹತ್ರ ಗ್ಯಾಸ್ ಸ್ಟೌ ರಿಪೇರಿ ಅಂಗಡಿ ಇಟ್ಟವ. ಓದಿದ್ದು ಐಟಿಐ. ಕೆಮಿಸ್ಟ್ರಿ ಲೆಕ್ಚರರ್ ಅಲ್ಲ, ಆದ್ರೆ ಗ್ಯಾಸ್ ಎಲ್ಲಿ ಲೀಕ್ ಆಗ್ತದೆ, ಆಗಿ ಎಲ್ಲಿ ಹೋಗಿ ಕೂರ್ತದೆ ಅಂತ ನೋಡುದೇ ನನ್ನ ಹೊಟ್ಟೆಪಾಡು. ಈ ಗೇಮ್ ನನ್ಗೆ ಕಲಿಸಿದ್ದು ಅಕ್ಕನ ಮಗ, ಈಗ ಪಿಯುಸಿ. ಹೋದ ಮಳೆಗಾಲ ಅಂಗಡಿಗೆ ಜನ ಕಮ್ಮಿ, ಅವನ ಲ್ಯಾಪ್‌ಟಾಪ್‌ಗೆ ಅವ್ರ ಮನೆಯಲ್ಲಿ ಕರೆಂಟ್ ನಿಲ್ಲುದಿಲ್ಲ, ನನ್ನ ಅಂಗಡಿಯಲ್ಲಿ ಇನ್ವರ್ಟರ್ ಉಂಟು, ಹಾಗೆ ಅವ ಬಂದು ಕೌಂಟರ್ ಮೇಲೆ ಇಟ್ಕೊಂಡು ಆಡ್ಲಿಕ್ಕೆ ಸುರು ಮಾಡಿದ, ನಾನು ಬರ್ನರ್ ತಿಕ್ಕುತ್ತಾ ಓರೆಗಣ್ಣಲ್ಲಿ ನೋಡ್ಲಿಕ್ಕೆ ಸುರು ಮಾಡಿದೆ, ಒಂದು ತಿಂಗಳಾಗುವಾಗ ನಾನೇ ಆಡ್ತಿದ್ದೆ ಅವ ಓರೆಗಣ್ಣಲ್ಲಿ ನೋಡ್ತಿದ್ದ.

ಗೊತ್ತಿಲ್ಲದವ್ರಿಗೆ ಸ್ವಲ್ಪ ಹೇಳ್ತೇನೆ. ಕೆನಡಾದ ವ್ಯಾಂಕೂವರಿನ ಕ್ಲೇ ಎಂಟರ್‌ಟೇನ್‌ಮೆಂಟ್ ಅನ್ನುವ ಕಂಪೆನಿ ಮಾಡಿದ್ದು, ಪೂರ್ತಿ ರೂಪದಲ್ಲಿ ಹೊರಗೆ ಬಂದದ್ದು 2019ರ ಜುಲೈಯಲ್ಲಿ. ಒಂದು ಕ್ಷುದ್ರಗ್ರಹದ ಹೊಟ್ಟೆಯೊಳಗೆ ಮೂರು ಜನ ಸಿಕ್ಕಿ ಹಾಕಿಕೊಂಡಿರ್ತಾರೆ, ಅವ್ರಿಗೆ ಡುಪ್ಲಿಕೆಂಟ್ ಅಂತ ಹೆಸ್ರು, ಮಕ್ಳು ಡೂಪ್ ಅಂತಾರೆ. ಅವ್ರಿಗೆ ಉಸಿರಾಡ್ಲಿಕ್ಕೆ ಗಾಳಿ, ತಿನ್ಲಿಕ್ಕೆ ಊಟ, ಟಾಯ್ಲೆಟ್ಟು, ಕರೆಂಟು ಎಲ್ಲ ನಾವೇ ಮಾಡಿ ಕೊಡ್ಬೇಕು. ಇಡೀ ಪ್ರಪಂಚವನ್ನು ಅಡ್ಡಕ್ಕೆ 256 ಉದ್ದಕ್ಕೆ 384 ಚೌಕ ಮಾಡಿ ಇಟ್ಟಿದ್ದಾರೆ, ನಮ್ಮ ಕಾಪಿ ಪುಸ್ತಕದ ಲೆಕ್ಕದ ಹಾಳೆ ಹಾಗೆ. ಒಂದು ಚೌಕದಲ್ಲಿ ಒಂದೇ ವಸ್ತು. ಆಕ್ಸಿಜನ್ ಇದ್ರೆ ಆಕ್ಸಿಜನ್ ಮಾತ್ರ, ಕಾರ್ಬನ್ ಡೈಆಕ್ಸೈಡ್ ಇದ್ರೆ ಅದು ಮಾತ್ರ, ಎರಡೂ ಸೇರಿ ಒಂದು ಚೌಕದಲ್ಲಿ ಇರ್ಲಿಕ್ಕಿಲ್ಲ. ಈ ಒಂದು ಮಾತು ನೆನಪಿಟ್ಕೊಳ್ಳಿ, ಮತ್ತೆ ಬರ್ತೇನೆ.

ಈಗ ಮಾಯ ಆಗುವ ವಿಷಯ. ಹೌದು, ಮಾಯ ಆಗ್ತದೆ. ಆದ್ರೆ ಎಲ್ಲೆಂದ್ರಲ್ಲಿ ಅಲ್ಲ, ಎಲ್ಲಿ ಎಷ್ಟು ಅಂತ ಲೆಕ್ಕ ಹಾಕ್ಲಿಕ್ಕೆ ಆಗ್ತದೆ, ನಾನು ಮತ್ತು ಅಳಿಯ ಹಳೇ ಬಿಲ್ ಪುಸ್ತಕದ ಹಿಂಬದಿಯಲ್ಲಿ ಕೂತು ಹಾಕಿದ್ದೇವೆ. ಮೊದಲನೇ ಕಳ್ಳ ಯಾರು ಗೊತ್ತುಂಟಾ, ಆ ಡೂಪ್‌ನ ಮೂಗೇ. ಒಬ್ಬ ಡೂಪ್ ಸೆಕೆಂಡಿಗೆ 100 ಗ್ರಾಂ ಆಕ್ಸಿಜನ್ ಎಳಿತಾನೆ, ಹೊರಗೆ ಬಿಡುದು ಬರೀ 2 ಗ್ರಾಂ ಕಾರ್ಬನ್ ಡೈಆಕ್ಸೈಡ್. ಅಲ್ಲಿನ ಒಂದು ದಿನ ಅಂದ್ರೆ 600 ಸೆಕೆಂಡ್. ಹಾಗಾದ್ರೆ ದಿನಕ್ಕೆ 60 ಕೆಜಿ ಒಳಗೆ, ಸವಾ ಕೆಜಿಯಷ್ಟೂ ಹೊರಗಿಲ್ಲ. ನಮ್ಮ ಮನೆ ಸಿಲಿಂಡರಲ್ಲಿ 14.2 ಕೆಜಿ ಗ್ಯಾಸ್ ಇರುದು, ಅಂಥ ನಾಲ್ಕು ಸಿಲಿಂಡರಿಗಿಂತ ಜಾಸ್ತಿ ತೂಕದ ಗಾಳಿಯನ್ನು ಒಬ್ಬ ಒಂದು ದಿನದಲ್ಲಿ ನುಂಗಿ ನೀರು ಕುಡಿತಾನೆ! ನಿಜವಾದ ಮನುಷ್ಯನಿಗೆ ದಿನಕ್ಕೆ ಒಂದು ಕೆಜಿಯೂ ಬೇಡ, 800 ಚಿಲ್ಲರೆ ಗ್ರಾಂ ಆಕ್ಸಿಜನ್ ಸಾಕು, ಮತ್ತೆ ಹೊರಗೆ ಬರುವ ಕಾರ್ಬನ್ ಡೈಆಕ್ಸೈಡ್‌ನ ತೂಕ ಎಳ್ಕೊಂಡ ಆಕ್ಸಿಜನ್‌ಗಿಂತ ಸ್ವಲ್ಪ ಜಾಸ್ತಿಯೇ ಇರ್ತದೆ, ಯಾಕಂದ್ರೆ ನಾವು ತಿಂದ ಗಂಜಿಯ ಕಾರ್ಬನ್ ಅದಕ್ಕೆ ಸೇರಿಕೊಳ್ತದೆ. ಇದನ್ನು ಹೇಳಿದಾಗ ಅಳಿಯ ಎರಡು ನಿಮಿಷ ಸುಮ್ಮನೆ ಕೂತ. ಮಾಮ, ಹಾಗಾದ್ರೆ ನಾವು ಉಸಿರು ಬಿಟ್ಟು ಬಿಟ್ಟೇ ತೂಕ ಇಳಿಸ್ಕೊಳ್ಳುದಾ ಅಂತ ಕೇಳಿದ. ಹೌದು ಮಾರಾಯ, ಸಪೂರ ಆದವನ ಕೊಬ್ಬು ಹೆಚ್ಚಿನದು ಮೂಗಿನಲ್ಲೇ ಹೊರಗೆ ಹೋಗುದು ಅಂದೆ. ಈ ಪ್ರಶ್ನೆ ಅವನಿಗೆ ಪಾಠಪುಸ್ತಕ ಓದಿ ಬರ್ಲಿಲ್ಲ, ಗೇಮಿನ ಸುಳ್ಳು ಲೆಕ್ಕ ನೋಡಿ ಬಂತು.

ಎರಡನೇ ಕಳ್ಳ ಮೆಷಿನ್‌ಗಳು. ಹೈಡ್ರೋಜನ್ ಜನರೇಟರ್ ಅಂತ ಉಂಟು, ಸೆಕೆಂಡಿಗೆ 100 ಗ್ರಾಂ ಹೈಡ್ರೋಜನ್ ಸುಟ್ಟು 800 ವಾಟ್ ಕೊಡ್ತದೆ, ಹೊಗೆ ಇಲ್ಲ, ನೀರಿಲ್ಲ, ಏನೂ ಹೊರಗಿಲ್ಲ. ನಿಜದಲ್ಲಿ ಅಷ್ಟು ಸುಟ್ರೆ ಸುಮಾರು 900 ಗ್ರಾಂ ನೀರು ಬರ್ಬೇಕು. ಕಾರ್ಬನ್ ಸ್ಕಿಮ್ಮರ್ ಅಂತ ಇನ್ನೊಂದು, 300 ಗ್ರಾಂ ಕಾರ್ಬನ್ ಡೈಆಕ್ಸೈಡನ್ನು 1000 ಗ್ರಾಂ ನೀರಲ್ಲಿ ತೊಳೆದು ಅಷ್ಟೇ 1000 ಗ್ರಾಂ ಕೊಳಕು ನೀರು ಕೊಡ್ತದೆ, ಆ 300 ಗ್ರಾಂ ಗೋವಿಂದ. ಅಡುಗೆ ಮಾಡುವ ಗ್ಯಾಸ್ ರೇಂಜ್ ನೋಡಿದಾಗಂತೂ ನನ್ಗೆ ವೃತ್ತಿಯವನಾಗಿ ಸಿಟ್ಟೇ ಬಂತು. 100 ಗ್ರಾಂ ನ್ಯಾಚುರಲ್ ಗ್ಯಾಸ್ ಒಳಗೆ, 25 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಗೆ, ಆಕ್ಸಿಜನ್ ಒಂದು ಚೂರೂ ಬೇಡ! ಬೆಂಕಿ ಉರಿಲಿಕ್ಕೆ ಗಾಳಿ ಬೇಡ್ವಾ? ನನ್ನ ಅಂಗಡಿಗೆ ಬರುವ ಹತ್ತು ಸ್ಟೌಗಳಲ್ಲಿ ಆರೇಳರ ಕಥೆ ಎಂತ ಗೊತ್ತುಂಟಾ, ಕುಚ್ಚಲಕ್ಕಿ ಗಂಜಿ ಉಕ್ಕಿ ತಿಳಿ ಹರಿದು ಬರ್ನರಿನ ತೂತು ಕಟ್ಟಿಕೊಂಡದ್ದು, ಇಲ್ಲದಿದ್ರೆ ಅಡಿಯ ಪೈಪಿನ ಗಾಳಿ ತೂತಿಗೆ ಜೇಡ ಬಲೆ ನೇಯ್ದದ್ದು. ಗಾಳಿ ಸಾಕಾಗದೆ ಜ್ವಾಲೆ ನೀಲಿ ಹೋಗಿ ಹಳದಿ ಆಗ್ತದೆ, ಪಾತ್ರೆಯ ಕುಂಡೆ ಕಪ್ಪಾಗ್ತದೆ. ನ್ಯಾಚುರಲ್ ಗ್ಯಾಸ್ ಅಂದ್ರೆ ಹೆಚ್ಚಿನದು ಮೀಥೇನ್, 100 ಗ್ರಾಂ ಮೀಥೇನ್ ಸರಿಯಾಗಿ ಉರಿಲಿಕ್ಕೆ 400 ಗ್ರಾಂ ಆಕ್ಸಿಜನ್ ಬೇಕು. ಗಾಳಿ ಸಾಕಾಗದೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅಂತ ಗ್ಯಾಸೇ ಆ ಗೇಮಿನಲ್ಲಿ ಇಲ್ಲ. ಬಾತ್‌ರೂಮಿನೊಳಗೆ ಗ್ಯಾಸ್ ಗೀಸರ್ ಇಟ್ಟು ಕಿಟಕಿ ಮುಚ್ಚಿ ಸ್ನಾನ ಮಾಡುವವ್ರನ್ನು ಕೊಲ್ಲುದು ಅದೇ.

ಹಾಗಂತ ಗೇಮ್ ಮಾಡಿದವ್ರಿಗೆ ಲೆಕ್ಕ ಬರುದಿಲ್ಲ ಅಂತ ಅಲ್ಲ. ಎಲೆಕ್ಟ್ರೊಲೈಸರ್ ನೋಡಿ, 1000 ಗ್ರಾಂ ನೀರು ಒಡೆದು 888 ಗ್ರಾಂ ಆಕ್ಸಿಜನ್, 112 ಗ್ರಾಂ ಹೈಡ್ರೋಜನ್. ನಿಜವಾದ ನೀರನ್ನು ಒಡೆದ್ರೂ ಇಷ್ಟೇ ಬರುದು. ಕೊಳಕು ಆಕ್ಸಿಜನ್ ಕ್ಲೀನ್ ಮಾಡುವ ಡಿಯೋಡರೈಸರಿನಲ್ಲೂ ಹೊಯಿಗೆ ಎಷ್ಟು ಹೋಯ್ತು, ಆವೆಮಣ್ಣು ಎಷ್ಟು ಬಂತು ಅಂತ ಕೂಡಿಸಿ ಕಳೆದ್ರೆ ತಾಳೆ ಆಗ್ತದೆ. ಹಾಗಾದ್ರೆ ಗೊತ್ತಿದ್ದೇ ಬೇರೆ ಕಡೆ ಬಿಟ್ಟಿದ್ದಾರೆ. ಯಾಕೆ ಅಂದ್ರೆ ನನ್ನ ಊಹೆ ಇಷ್ಟೇ, ಎಲ್ಲವನ್ನೂ ತಾಳೆ ಮಾಡಿದ್ರೆ ಆಟ ಆಡುವವ ಮೂರನೇ ದಿನಕ್ಕೆ ಸತ್ತು ಹೋಗ್ತಾನೆ, ಇಲ್ಲ ಯಾವತ್ತೂ ಸಾಯುದೇ ಇಲ್ಲ, ಎರಡೂ ಬೋರು.

ಇನ್ನು ಬಾಗಿಲು. ಕರೆಂಟಲ್ಲಿ ಮುಚ್ಚುವ ಏರ್‌ಲಾಕ್ ಬಾಗಿಲು ಮುಚ್ಚುವಾಗ ಆ ಜಾಗದಲ್ಲಿದ್ದ ಗ್ಯಾಸ್‌ಗೆ ಅಕ್ಕಪಕ್ಕ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಅದು ಅಲ್ಲೇ ಸೊನ್ನೆ. ಬೇಡದ ಕ್ಲೋರಿನ್ ಅನ್ನು ಹೀಗೆ ಬಾಗಿಲಲ್ಲಿ ಜಜ್ಜಿ ಜಜ್ಜಿ ಮುಗಿಸುವವ್ರೂ ಇದ್ದಾರೆ. ಮತ್ತೆ ಮೇಲೆ ಆಕಾಶದ ಕಡೆ ತೂತು ಬಿದ್ರೆ ಅಂತರಿಕ್ಷಕ್ಕೆ ಸೋರಿ ಹೋಗ್ತದೆ, ಅದರಲ್ಲಿ ಸುಳ್ಳು ಏನಿಲ್ಲ, ನಿಜಕ್ಕೂ ಹಾಗೇ ಆಗ್ಬೇಕು.

ಇಷ್ಟೆಲ್ಲ ಹೇಳಿ ಆದ ಮೇಲೂ ಆ ತಂದೆಯವರಿಗೆ ನಾನು ಹೇಳುದು ಎಂತ ಅಂದ್ರೆ, ಈ ಮಾಯ ಆಗುದ್ರಿಂದ ಮಕ್ಳಿಗೆ ತೊಂದ್ರೆ ಇಲ್ಲ. ಪಿಯುಸಿ ಹುಡುಗನಿಗೆ ತಲೆಯಲ್ಲಿ ಸ್ವಲ್ಪ ಬುದ್ಧಿ ಇದ್ರೆ ಇದು ಸುಳ್ಳು ಅಂತ ಲೆಕ್ಕ ಹಾಕಿದ ಕೂಡ್ಲೇ ಗೊತ್ತಾಗ್ತದೆ. ಗೊತ್ತಾಗದೇ ಒಳಗೆ ಹೋಗಿ ಕೂರುವ ಸುಳ್ಳು ಬೇರೆಯೇ ಉಂಟು. ಮೇಲೆ ನೆನಪಿಟ್ಕೊಳ್ಳಿ ಅಂದೆನಲ್ಲ, ಒಂದು ಚೌಕದಲ್ಲಿ ಒಂದೇ ಗ್ಯಾಸ್. ಅದ್ರಿಂದ ಎಂತ ಆಗ್ತದೆ ಅಂದ್ರೆ ಎಲ್ಲ ಗ್ಯಾಸ್‌ಗಳೂ ಮನೆಯ ಮಾಳಿಗೆ ಹಾಗೆ ಒಂದರ ಮೇಲೆ ಒಂದು ಸಾಲಾಗಿ ಕೂರ್ತವೆ, ಹೈಡ್ರೋಜನ್ ಮೇಲೆ, ಆಕ್ಸಿಜನ್ ನಡುವೆ, ಕಾರ್ಬನ್ ಡೈಆಕ್ಸೈಡ್ ಅಡಿಯಲ್ಲಿ. ಓವರ್‌ಲೇ, ಅಂದ್ರೆ ಗ್ಯಾಸ್‌ಗಳನ್ನು ಬಣ್ಣದಲ್ಲಿ ತೋರಿಸುವ ನೋಟ, ಹಾಕಿ ನೋಡಿದ್ರೆ ಬಣ್ಣ ಬಣ್ಣದ ಪಟ್ಟಿ, ನೋಡ್ಲಿಕ್ಕೆ ಚಂದ ಉಂಟು. ಎಷ್ಟು ದಿನ ಬಿಟ್ರೂ ಬೆರೆಯುದಿಲ್ಲ.

ನಿಜವಾದ ಗಾಳಿ ಹಾಗಲ್ಲ. ಒಮ್ಮೆ ಬೆರೆತ ಗ್ಯಾಸ್ ತನ್ನಷ್ಟಕ್ಕೆ ಬೇರೆ ಆಗುದಿಲ್ಲ. ಗಾಳಿಯಲ್ಲಿ 78 ಪಾಲು ನೈಟ್ರೋಜನ್, 21 ಪಾಲು ಆಕ್ಸಿಜನ್, ಅಂದ ಹಾಗೆ ಆ ಗೇಮಿನಲ್ಲಿ ನೈಟ್ರೋಜನ್ ಗ್ಯಾಸೇ ಇಲ್ಲ, ಅದು ಬೇರೆ ಮಾತು. ಭಾರದ ಲೆಕ್ಕದಲ್ಲಿ ಬೇರೆ ಆಗುದಾದ್ರೆ ಕಾರ್ಬನ್ ಡೈಆಕ್ಸೈಡ್ ಎಲ್ಲ ಅಡಿಗೆ ಬಂದು ಚಾಪೆ ಹಾಕಿ ನೆಲದಲ್ಲಿ ಮಲಗುವ ನಾವೆಲ್ಲ ಬೆಳಗ್ಗೆ ಏಳ್ತಾನೇ ಇರ್ಲಿಲ್ಲ.

ಮತ್ತೆ ಪಟ್ಟಿಯ ಕ್ರಮವೂ ಪೂರ್ತಿ ಸರಿ ಇಲ್ಲ. ಗೇಮಿನಲ್ಲಿ ಆಕ್ಸಿಜನ್‌ಗೆ ಒಂದೇ ಪರಮಾಣುವಿನ ತೂಕ ಇಟ್ಟಿದ್ದಾರೆ, 16. ನಿಜದಲ್ಲಿ ಅದು ಜೋಡಿಯಾಗಿ ಇರುದು, 32. ಆದ್ರೆ ನ್ಯಾಚುರಲ್ ಗ್ಯಾಸ್‌ಗೆ 16 ಚಿಲ್ಲರೆ ಸರಿಯಾಗೇ ಇಟ್ಟಿದ್ದಾರೆ, ಆ ಚಿಲ್ಲರೆಯ ಭಾರಕ್ಕೆ ಅದು ಆಕ್ಸಿಜನ್‌ನ ಕೆಳಗೆ ಹೋಗಿ ಕೂರ್ತದೆ! ಕ್ಲೋರಿನ್‌ಗೂ ಹಾಗೇ ಅರ್ಧ ತೂಕ, ಅದಕ್ಕೆ ಅದು ಕಾರ್ಬನ್ ಡೈಆಕ್ಸೈಡ್‌ನ ಮೇಲೆ ತೇಲ್ತದೆ, ನಿಜದ ಕ್ಲೋರಿನ್ 71, ಕಾರ್ಬನ್ ಡೈಆಕ್ಸೈಡ್ 44, ಉಲ್ಟಾ. ಇದು ಬರೀ ಪುಸ್ತಕದ ಜಗಳ ಅಲ್ಲ, ನನ್ನ ಕಸುಬಿಗೆ ತಾಗುವ ವಿಷಯ. 2021ರ ಜನವರಿಯಲ್ಲಿ ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರಿನ ಪೈಪ್‌ಲೈನ್ ಉದ್ಘಾಟನೆ ಆಯ್ತಲ್ಲ, ಈಗ ನಮ್ಮಲ್ಲಿ ಕೆಲವು ಮನೆಗೆ ಪೈಪ್ ಗ್ಯಾಸ್, ಹೆಚ್ಚಿನ ಮನೆಗೆ ಇನ್ನೂ ಸಿಲಿಂಡರ್. ಪೈಪಿನದು ಮೀಥೇನ್, ಗಾಳಿಗಿಂತ ಹಗುರ, ಲೀಕ್ ಆದ್ರೆ ಮೇಲೆ ಹೋಗ್ತದೆ, ಮೇಲಿನ ವೆಂಟಿಲೇಟರ್ ಬೇಕು. ಸಿಲಿಂಡರಿನದು ಪ್ರೊಪೇನ್ ಬ್ಯುಟೇನ್, ಗಾಳಿಗಿಂತ ಒಂದೂವರೆ ಎರಡು ಪಾಲು ಭಾರ, ಲೀಕ್ ಆದ್ರೆ ನೆಲ ಹಿಡಿದು ಹರಿತದೆ, ಕೆಳಗಿನ ಬಾಗಿಲು ತೆಗಿಬೇಕು, ಸ್ವಿಚ್ ಮುಟ್ಲೇಬಾರ್ದು. ಒಂದೇ ಅಪಾರ್ಟ್‌ಮೆಂಟಿನಲ್ಲಿ ಎರಡೂ ಇರುವ ಕಾಲ ಇದು. ಗೇಮ್ ಆಡಿದ ಹುಡುಗ ನ್ಯಾಚುರಲ್ ಗ್ಯಾಸ್ ಕೆಳಗೆ ಇರ್ತದೆ ಅಂತ ತಿಳ್ಕೊಂಡ್ರೆ? ನನ್ನ ಅಳಿಯ ತಿಳ್ಕೊಂಡಿದ್ದ. ನಾನು ಕೇಳಿದ್ದಕ್ಕೆ ಡೌಟೇ ಇಲ್ಲದೆ ಕೆಳಗೆ ಅಂತ ಹೇಳಿದ.

ಆವತ್ತು ಮಧ್ಯಾಹ್ನವೇ ಅಂಗಡಿಯಲ್ಲಿ ಒಂದು ಆಟ ಮಾಡಿ ತೋರಿಸಿದೆ. ಹಳೇ ಸ್ಟೀಲ್ ಡಬ್ಬಿ, ಅದ್ರೊಳಗೆ ಮೂರು ಮೋಂಬತ್ತಿ ತುಂಡು, ಒಂದು ಗಿಡ್ಡ, ಒಂದು ಮಧ್ಯಮ, ಒಂದು ಉದ್ದ. ಬೇರೆ ಲೋಟದಲ್ಲಿ ಅಡುಗೆ ಸೋಡಾ ಎರಡು ಚಮಚ, ಅದ್ರ ಮೇಲೆ ಲಿಂಬೆ ಹಿಂಡಿದೆ, ಬುರುಗು ಎದ್ದಿತು. ಬುರುಗು ಇಳಿದ ಮೇಲೆ ಲೋಟವನ್ನು ಡಬ್ಬಿಯ ಅಂಚಿಗೆ ತಂದು ನೀರು ಹೊಯ್ದ ಹಾಗೆ ಬಗ್ಗಿಸಿದೆ, ರಸ ಬೀಳ್ಲಿಲ್ಲ, ಕಣ್ಣಿಗೆ ಎಂತದೂ ಕಾಣ್ಲಿಲ್ಲ. ಗಿಡ್ಡ ಮೋಂಬತ್ತಿ ಸಣ್ಣದಾಗಿ ಒಮ್ಮೆ ಓಲಾಡಿ ಆರಿತು. ಸ್ವಲ್ಪ ಹೊತ್ತಿಗೆ ಮಧ್ಯದ್ದೂ ಆರಿತು. ಉದ್ದದ್ದು ಉರಿತಾ ಇತ್ತು. ಗೇಮಿನ ಹಾಗೇ ಉಂಟಲ್ಲ ಮಾಮ ಅಂತ ಅವನಿಗೆ ಖುಷಿ. ನಾನು ಹಾಗೇ ಬಿಡು, ಕೈ ಹಾಕ್ಬೇಡ ಅಂದೆ. ಒಂದು ಚಾ ಕುಡಿದು ಬಂದು ಅದೇ ಗಿಡ್ಡ ಮೋಂಬತ್ತಿಗೆ ಉದ್ದ ಕಡ್ಡಿಯಲ್ಲಿ ಬೆಂಕಿ ಹಚ್ಚಿದೆ, ಉರಿಯಿತು. ಗ್ಯಾಸ್ ಎಲ್ಲಿ ಹೋಯ್ತು? ಎಲ್ಲಿಯೂ ಹೋಗ್ಲಿಲ್ಲ, ಅಂಗಡಿಯ ಗಾಳಿಯಲ್ಲಿ ಬೆರೆತು ಹೋಯ್ತು. ನಿನ್ನ ಗೇಮಿನಲ್ಲಾದ್ರೆ ಅದು ನೂರು ದಿನ ಅಲ್ಲೇ ಕೂರ್ತಿತ್ತು ಅಂದೆ.

ಆಗ ಅವ ಕೇಳಿದ ಪ್ರಶ್ನೆಗಾಗಿಯೇ ನಾನು ಈ ಪತ್ರ ಬರೆದದ್ದು ಅಂತ ಹೇಳ್ಬಹುದು. ಮಾಮ, ಬೆರೆತು ಹೋಗುದಾದ್ರೆ ಬಾವಿಯಲ್ಲಿ ಇಳಿದವ್ರು ಯಾಕೆ ಸಾಯುದು?

ನಮ್ಮ ಕರಾವಳಿಯಲ್ಲಿ ಬಾವಿ ಇಲ್ಲದ ಹಳೇ ಮನೆ ಇಲ್ಲ. ನನ್ನ ಅಪ್ಪ ಏಪ್ರಿಲ್ ಮೇ ತಿಂಗಳಲ್ಲಿ ನೀರು ತಳ ಹಿಡಿದಾಗ ಕೆಸರು ತೆಗೆಸುವ ಮೊದ್ಲು ಬಕೆಟಿನಲ್ಲಿ ಚಿಮಿಣಿ ದೀಪ ಇಟ್ಟು ರಾಟೆಯಲ್ಲಿ ಮೆಲ್ಲ ಮೆಲ್ಲ ಇಳಿಸ್ತಿದ್ರು. ನಾವು ಮಕ್ಳು ಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿ ನೋಡುದು, ಅಪ್ಪ ಹಿಂದಿನಿಂದ ಚಡ್ಡಿ ಹಿಡ್ಕೊಳ್ಳುದು. ದೀಪ ಸಣ್ಣ ಚುಕ್ಕಿ ಆಗ್ತಾ ಆಗ್ತಾ ಹೋಗಿ ಒಂದು ವರ್ಷ ಅರ್ಧದಲ್ಲೇ ಪಕ್ಕ ಅಂತ ಆರಿತು. ಕೆಲಸದವ್ರು ಅಂಗಿ ಬಿಚ್ಚಿ ರೆಡಿಯಾಗಿದ್ರು, ಅಪ್ಪ ಯಾರನ್ನೂ ಇಳಿಸ್ಲಿಲ್ಲ. ಹಲಸಿನ ಸೊಪ್ಪಿನ ದೊಡ್ಡ ಗೆಲ್ಲು ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಮೇಲೆ ಕೆಳಗೆ ಎಳೆದು ಎಳೆದು, ನಡುವೆ ಕೊಡಪಾನದಲ್ಲಿ ನೀರು ಹೊಯ್ದು, ಮಧ್ಯಾಹ್ನ ಊಟ ಆದ ಮೇಲೆ ಇನ್ನೊಮ್ಮೆ ದೀಪ ಇಳಿಸಿದ್ರು, ಆಗ ಆರ್ಲಿಲ್ಲ. ಅಪ್ಪನಿಗೆ ಕೆಮಿಸ್ಟ್ರಿ ಗೊತ್ತಿಲ್ಲ. ಗಾಳಿಯನ್ನು ಕಲಸಿದ್ದು ಅವ್ರು, ಅಷ್ಟೇ.

ಅಳಿಯನಿಗೆ ಹೀಗೆ ಹೇಳಿದೆ. ಬೆರೆಯುದಕ್ಕೆ ಟೈಮ್ ಬೇಕು, ಅಲುಗಾಟ ಬೇಕು. ಬಾವಿಯ ಅಡಿಯಲ್ಲಿ ಎಲೆ ಕೊಳಿತಾ ಉಂಟು, ಆಕ್ಸಿಜನ್ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡ್ತಾ ಉಂಟು, ಮಣ್ಣಿನಿಂದಲೂ ಬರ್ತಾ ಉಂಟು, ಮೇಲಿನ ಗಾಳಿ ಅಷ್ಟು ಕೆಳಗೆ ಇಳಿಯುದಿಲ್ಲ. ಬೆರೆಯುವ ಸ್ಪೀಡಿಗಿಂತ ಹುಟ್ಟುವ ಸ್ಪೀಡು ಜಾಸ್ತಿ ಆದ್ರೆ ಅಲ್ಲಿ ನಿಲ್ತದೆ. ಮತ್ತೆ ಅಲ್ಲಿ ಗೇಮಿನ ಹಾಗೆ ಕಪ್ಪು ಪಟ್ಟಿ ಕಾಣುದಿಲ್ಲ, ಗೆರೆ ಎಳೆದ ಹಾಗೆ ಇಲ್ಲಿವರೆಗೆ ಸೇಫು ಇಲ್ಲಿಂದ ಸಾವು ಅಂತ ಇಲ್ಲ, ಒಂದೊಂದು ಮೆಟ್ಟಿಲಿಗೂ ಸ್ವಲ್ಪ ಸ್ವಲ್ಪ ಕೆಟ್ಟದಾಗ್ತಾ ಹೋಗ್ತದೆ, ಇಳಿಯುವವನಿಗೆ ಗೊತ್ತೇ ಆಗುದಿಲ್ಲ. ಗೇಮಿನ ಡೂಪ್ ಉಸಿರು ಕಟ್ಟಿದ್ರೆ ಕೆಂಪು ಗುರುತು ಬಂದು ಓಡಿ ಮೇಲೆ ಬರ್ತಾನೆ. ಮನುಷ್ಯ ಓಡುದಿಲ್ಲ, ಕಾಲಲ್ಲಿ ಬಲ ಹೋಗಿ ಅಲ್ಲೇ ಕೂತು ಬಿಡ್ತಾನೆ, ಅವನನ್ನು ಎತ್ತಲಿಕ್ಕೆ ಇಳಿದ ಎರಡನೆಯವನೂ ಕೂರ್ತಾನೆ. ದೀಪದ ಪರೀಕ್ಷೆಯನ್ನೂ ಪೂರ್ತಿ ನಂಬ್ಲಿಕ್ಕಿಲ್ಲ. ಆರಿದ್ರೆ ಇಳಿಯಲೇಬಾರ್ದು, ಆದ್ರೆ ಆರ್ಲಿಲ್ಲ ಅಂದ ಮಾತ್ರಕ್ಕೆ ಸೇಫ್ ಅಂತಲೂ ಅಲ್ಲ, ಯಾಕಂದ್ರೆ ಕೊಳೆತ ಕೆಸರಿನ ಹೈಡ್ರೋಜನ್ ಸಲ್ಫೈಡ್ ದೀಪ ಆರಿಸದೆಯೇ ಆಳನ್ನು ಬೀಳಿಸ್ಬಹುದು, ಮೀಥೇನ್ ಇದ್ರೆ ದೀಪವೇ ಕೇಡು. ಈಗ ಗ್ಯಾಸ್ ಅಳೆಯುವ ಸಣ್ಣ ಮೀಟರ್ ಸಿಗ್ತದೆ, ಬಾವಿ ಕೆಲಸದವ್ರು ಒಂದು ಇಟ್ಕೊಳ್ಬೇಕು.

ಗೇಮ್ ಸರಿ ಹೇಳಿದ ಒಂದು ವಿಷಯವನ್ನೂ ಹೇಳ್ಬೇಕು, ಇಲ್ಲದಿದ್ರೆ ಅಳಿಯ ಬೈತಾನೆ. ಅದ್ರಲ್ಲಿ ಎರಡು ರೂಮಿನ ನಡುವೆ ಬಗ್ಗಿದ ದಾರಿಯಲ್ಲಿ ಸ್ವಲ್ಪ ನೀರು ನಿಲ್ಲಿಸಿದ್ರೆ ಜನ ಆಚೆ ಈಚೆ ಹೋಗ್ಬಹುದು, ಗ್ಯಾಸ್ ದಾಟ್ಲಿಕ್ಕಿಲ್ಲ. ನಮ್ಮ ಬಾತ್‌ರೂಮಿನ ನಹನಿ ಟ್ರ್ಯಾಪಿನ ಕೆಲಸವೂ ಅದೇ ಅಲ್ವಾ, ಬೊಗಸೆ ನೀರು ನಿಂತು ಗುಂಡಿಯ ವಾಸನೆ ತಡೆಯುದು. ಗಲ್ಫಲ್ಲಿರುವವ್ರು ಮನೆಗೆ ಬೀಗ ಹಾಕಿ ಹೋಗಿ ವರ್ಷಕ್ಕೊಮ್ಮೆ ಬರುವಾಗ ಬಾಗಿಲು ತೆಗೆದ ಕೂಡ್ಲೇ ನಾರುದು ಯಾಕೆ, ಆ ನೀರು ಆರಿ ಹೋಗಿರ್ತದೆ. ಪಾದೂರಿನಲ್ಲಿ 25 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ ಟನ್ ಕಚ್ಚಾ ತೈಲ ಇಡ್ಲಿಕ್ಕೆ ಬಂಡೆ ಕೊರೆದು ಮಾಡಿದ ಗುಹೆಗಳಲ್ಲೂ ಸುತ್ತಲಿನ ಬಂಡೆಯೊಳಗಿನ ನೀರಿನ ಒತ್ತಡವೇ ತೈಲ ಮತ್ತು ಅದ್ರ ಆವಿ ಹೊರಗೆ ನುಸುಳದ ಹಾಗೆ ಹಿಡಿಯುದು. ಇದನ್ನು ಹೇಳಿದ ಮೇಲೆ ಅಳಿಯ ಪಾದೂರಿಗೆ ಹೋಗುವ ಅಂತ ಹಠ ಹಿಡಿದಿದ್ದಾನೆ, ಒಳಗೆ ಬಿಡುದಿಲ್ಲ ಮಾರಾಯ ಅಂದ್ರೂ ಕೇಳುದಿಲ್ಲ.

ಸಂಪಾದಕರೇ, ನಿಮ್ಮಲ್ಲಿ ಒಂದೇ ಕೇಳುದು. ಗೇಮ್ ನಿಲ್ಲಿಸಿ ಅಂತ ಬಂದ ಪತ್ರಕ್ಕೆ ನೀವು ಕಾಲು ಪುಟ ಕೊಟ್ಟಿದ್ದೀರಿ. ಬಾವಿ ಕೆಸರು ತೆಗೆಯುವ ಸೀಸನ್ ಸುರು ಆಗುವ ಮೊದ್ಲು, ಮಾರ್ಚ್ ಕೊನೆಗೆ ಆದ್ರೂ, ಬಾವಿಗೆ ಇಳಿಯುವ ಮೊದ್ಲು ಎಂತೆಂತ ನೋಡ್ಬೇಕು ಅಂತ ಗೊತ್ತಿದ್ದವ್ರ ಹತ್ರ ಬರೆಸಿ ಅಷ್ಟೇ ಜಾಗದಲ್ಲಿ ಹಾಕಿ. ಫೈರ್ ಸರ್ವಿಸಿನವ್ರು ಬರೆದುಕೊಟ್ರೆ ಇನ್ನೂ ಒಳ್ಳೆದು.

ಉಡುಪಿಯ ಆ ತಂದೆಯವ್ರು ಈ ಕಡೆ ಬಂದ್ರೆ ಮಗನನ್ನೂ ಕರ್ಕೊಂಡು ಅಂಗಡಿಗೆ ಬರ್ಲಿ. ಡಬ್ಬಿ, ಮೋಂಬತ್ತಿ ಇನ್ನೂ ಕೌಂಟರ್ ಅಡಿಯಲ್ಲಿ ಉಂಟು, ಲಿಂಬೆ ಎದುರಿನ ಅಂಗಡಿಯಲ್ಲಿ ಸಿಗ್ತದೆ. ಗೇಮಿನ ವಿಷಯದಲ್ಲಿ ನನ್ಗೂ ಅವ್ರ ಮಗನ ಸಹಾಯ ಬೇಕಿತ್ತು. 212ನೇ ದಿನ ಆಯ್ತು, ನನ್ನ ಮಾಳಿಗೆಯಲ್ಲಿ ಹೈಡ್ರೋಜನ್ ತುಂಬಿ ಡೂಪ್‌ಗಳು ಮಲಗುವ ಕೋಣೆಗೆ ಇಳಿಲಿಕ್ಕೆ ಸುರು ಆಗಿದೆ, ಪಂಪ್ ಎಲ್ಲಿ ಇಡುದು ಅಂತ ಅಳಿಯ ಹೇಳಿ ಕೊಡುದಿಲ್ಲ, ನೀವೇ ಲೆಕ್ಕ ಹಾಕಿ ಮಾಮ ಅಂತಾನೆ.

ಇತಿ,
ನಿಮ್ಮ ಪತ್ರಿಕೆಯ ಹಳೇ ಓದುಗ, ಸುರತ್ಕಲ್